ಗುಂಪಿನಲ್ಲಿ 18,000 ಮಂದಿ ಇದ್ದರೂ ಲಾಗಿನ್ ಥಟ್ಟಂತ ಆಗಬೇಕಾ? ದೊಡ್ಡ ಡೈರೆಕ್ಟರಿ ಗುಂಪುಗಳಿಗೊಂದು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಒಂದು ಸೋಮವಾರ. ಮಂಗಳೂರಿನ ಮಳೆ ಎಂದಿನಂತೆ ಧೋ ಅಂತ ಸುರಿಯುತ್ತಿತ್ತು. ಕೊಡೆ ಮಡಚಿ ಲ್ಯಾಬಿನೊಳಗೆ ಕಾಲಿಟ್ಟರೆ 60 ಕಂಪ್ಯೂಟರುಗಳೂ ಒಂದೇ ಥರ ಮುಖ ಮಾಡಿಕೊಂಡು ಕೂತಿದ್ದವು. ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ, ಎಂಟರ್ ಒತ್ತಿದ ಮೇಲೆ ಖಾಲಿ ಪರದೆ. ಮೂಲೆಯಲ್ಲಿ ಕರ್ಸರ್ ಮಾತ್ರ ಮಿಣಮಿಣ. ಲ್ಯಾಬ್ ನೋಡಿಕೊಳ್ಳುವವರು ಬಾಗಿಲಲ್ಲೇ ತಡೆದರು. "ಎಂತ ಮಾರಾಯ್ರೆ ಇದು? ಪಾಸ್‌ವರ್ಡ್ ತಪ್ಪಿದ್ರೆ ತಪ್ಪು ಅಂತಾದ್ರೂ ಹೇಳ್ಬೇಕಲ್ವಾ?"

ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಸರ್ವರ್ ಎದ್ದೇ ಇತ್ತು. ನೆಟ್‌ವರ್ಕ್ ಕೇಬಲ್ಲನ್ನು ಇಲಿ ಕಡಿದಿರಲಿಲ್ಲ (ಮಳೆಗಾಲದಲ್ಲಿ ನಾನು ಮೊದಲು ನೋಡುವುದು ಅದನ್ನೇ). ಆದದ್ದು ಇಷ್ಟೇ: ಹಿಂದಿನ ಶನಿವಾರ ಕಚೇರಿಯಲ್ಲಿ ಯಾರೋ "ಎಲ್ಲ ವಿದ್ಯಾರ್ಥಿಗಳು" ಅಂತ ಹೊಸ ಗುಂಪು ಮಾಡಿ, ಎಲ್ಲ ಕ್ಯಾಂಪಸ್‌ಗಳ ಸುಮಾರು 18,000 ಮಂದಿಯನ್ನು ಅದರೊಳಗೆ ತುಂಬಿಸಿದ್ದರು. ಸುತ್ತೋಲೆ ಕಳಿಸಲು ಸುಲಭ ಆಗಲಿ ಅಂತ. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಲ್ಯಾಬಿನವರ ತಲೆ ಮೇಲೆ.

ಆ ವಾರ ಕಲಿತದ್ದನ್ನು, ಆಮೇಲೆ ಉಡುಪಿ ಕಡೆಯ ಒಂದೆರಡು ಜಾಗದಲ್ಲಿ ಅದೇ ಕಾಯಿಲೆಗೆ ಮದ್ದು ಮಾಡಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಮುಖ್ಯವಾಗಿ ಹೇಳುವುದು ಲಿನಕ್ಸ್ ಯಂತ್ರ, ಅದರಲ್ಲಿ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿ, ಅದರ ಹಿಂದೆ ಎಲ್ಲರ ಹೆಸರು, ಪಾಸ್‌ವರ್ಡ್, ಗುಂಪುಗಳನ್ನು ಒಂದೇ ಕಡೆ ಇಡುವ ಡೈರೆಕ್ಟರಿಯಾಗಿ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ ಅಥವಾ ಓಪನ್‌ಎಲ್‌ಡ್ಯಾಪ್ ಇರುವ ವ್ಯವಸ್ಥೆಯ ಬಗ್ಗೆ. ಸ್ವಂತವಾಗಿ ಲಾಗಿನ್ ಕೋಡ್ ಬರೆಯುವವರಿಗೂ ಒಂದು ಭಾಗ ಇದೆ. ಆದೇಶ, ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಫೈಲಿನಲ್ಲಿ ಹಾಕುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಅಂಡರ್‌ಸ್ಕೋರ್ ಇದ್ದಲ್ಲಿ ಅಂಡರ್‌ಸ್ಕೋರ್ ಹಾಕಿಯೇ ಬರೆಯಿರಿ.

ಹಂತ 1: ಕೇಳುತ್ತಿರುವ ಪ್ರಶ್ನೆ ಯಾವುದು ನೋಡಿ

ಮದುವೆ ಹಾಲಿನ ಬಾಗಿಲಲ್ಲಿ ನಿಂತವರು ಏನು ಕೇಳುತ್ತಾರೆ? "ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?" ಬಂದವರೇ ಉತ್ತರ ಹೇಳುತ್ತಾರೆ, ಒಳಗೆ ಹೋಗುತ್ತಾರೆ. ಅದರ ಬದಲು ಪ್ರತಿಯೊಬ್ಬರು ಬಂದಾಗಲೂ ಹುಡುಗನ ಕಡೆಯ ಪೂರ್ತಿ ಕರೆಯೋಲೆ ಪಟ್ಟಿ ತೆಗೆದು, ಮೊದಲ ಹೆಸರಿನಿಂದ ಓದುತ್ತಾ ಹೋದರೆ? ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವುದು ಸಂಜೆಗೆ.

ಡೈರೆಕ್ಟರಿಯಲ್ಲೂ ಹೀಗೇ ಎರಡು ಪ್ರಶ್ನೆಗಳಿವೆ. ಒಂದು: ಈ ವ್ಯಕ್ತಿ ಯಾವ ಯಾವ ಗುಂಪಿನಲ್ಲಿದ್ದಾನೆ? ಉತ್ತರ ಸಾಮಾನ್ಯವಾಗಿ ಹತ್ತಿಪ್ಪತ್ತು ಹೆಸರು. ಇನ್ನೊಂದು: ಈ ಗುಂಪಿನಲ್ಲಿ ಯಾರ್ಯಾರಿದ್ದಾರೆ? ಉತ್ತರ 18,000 ಹೆಸರು. ಲಾಗಿನ್‌ಗೆ ಬೇಕಾಗಿರುವುದು ಮೊದಲನೆಯದು ಮಾತ್ರ. ನಿಧಾನವಾದ ಲಾಗಿನ್ ಎಲ್ಲೇ ಕಂಡರೂ, ಯಾರೋ ಎಲ್ಲೋ ಎರಡನೆಯ ಪ್ರಶ್ನೆ ಕೇಳುತ್ತಿದ್ದಾರಾ ಅಂತ ನಾನು ಮೊದಲು ಹುಡುಕುತ್ತೇನೆ. ಹೆಚ್ಚಿನ ಸಲ ಸಿಕ್ಕಿಬೀಳುತ್ತಾರೆ.

ಬೇಡದ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ ಅನ್ನುವುದಕ್ಕೆ ಹಳೆಯ ಕಥೆಯೊಂದಿದೆ. ಯೂನಿಕ್ಸ್‌ನಲ್ಲಿ ಗುಂಪಿನ ವಿವರ ಕೊಡುವ ಫಂಕ್ಷನ್‌ಗಳು ಗೆಟ್‌ಗ್ರ್‌ನ್ಯಾಮ್ ಮತ್ತು ಗೆಟ್‌ಗ್ರ್‌ಜಿಐಡಿ. ಗುಂಪಿನ ಹೆಸರು, ಸಂಖ್ಯೆ, ಸದಸ್ಯರ ಪಟ್ಟಿ ಮೂರನ್ನೂ ಅವು ಒಂದೇ ಕಟ್ಟಿನಲ್ಲಿ ಕೊಡುತ್ತವೆ. ಗುಂಪು ಅಂದರೆ ಒಂದು ಫೈಲಿನ ಒಂದು ಸಾಲು, ಅದರಲ್ಲಿ ಏಳೆಂಟು ಜನ ಅನ್ನುವ ಕಾಲದಲ್ಲಿ ಮಾಡಿದ ಏರ್ಪಾಡು ಅದು. ಈಗ "10045 ಅನ್ನುವ ಸಂಖ್ಯೆಯ ಗುಂಪಿನ ಹೆಸರೇನು?" ಅಂತ ಯಾರಾದರೂ ಸುಮ್ನೆ ಕೇಳಿದರೂ, ಹೆಸರಿನ ಜೊತೆಗೆ 18,000 ಜನರ ಮೆರವಣಿಗೆಯೂ ಬರುತ್ತದೆ. ಎಲ್‌ಎಸ್ ಆದೇಶಕ್ಕೆ ಹೈಫನ್ ಎಲ್ ಸೇರಿಸಿ ಫೈಲುಗಳ ಪಟ್ಟಿ ನೋಡಿದರೂ ಇದೇ. ಫೈಲಿನ ಗುಂಪಿನ ಹೆಸರು ತೋರಿಸಬೇಕಲ್ಲ!

ಹಂತ 2: ಊಹೆ ಬೇಡ, ಅಳೆಯಿರಿ

ಯಾರೂ ಬಳಸದ ಒಂದು ಯಂತ್ರ ಆರಿಸಿ. ರೂಟ್ ಆಗಿ ಎಸ್‌ಎಸ್‌ಎಸ್_ಕ್ಯಾಶ್ ಹೈಫನ್ ದೊಡ್ಡ ಇ ಓಡಿಸಿ. ಇದು ಎಸ್‌ಎಸ್‌ಎಸ್‌ಡಿ ಮೊದಲೇ ತಂದು ಯಂತ್ರದಲ್ಲಿಟ್ಟುಕೊಂಡ ಸಂಗ್ರಹದಲ್ಲಿರುವುದನ್ನು (ಕ್ಯಾಶ್) ಅಳಿಸುವುದಿಲ್ಲ, "ಹಳೆಯದಾಯ್ತು, ಮತ್ತೆ ಕೇಳು" ಅಂತ ಗುರುತು ಹಾಕುತ್ತದೆ ಅಷ್ಟೇ. ಆಮೇಲೆ ಟೈಮ್ ಆದೇಶದ ಹಿಂದೆ ಕಟ್ಟಿ ಈ ಮೂರನ್ನು ಒಂದೊಂದಾಗಿ ನೋಡಿ. ಪ್ರತಿ ಸಲವೂ ಮುಂಚೆ ಕ್ಯಾಶ್ ಹಳೆಯದು ಮಾಡಿಕೊಳ್ಳಿ.

ಐಡಿ ಹೈಫನ್ ದೊಡ್ಡ ಜಿ, ಆಮೇಲೆ ಯೂಸರ್ ಹೆಸರು. ಇದು ಗುಂಪುಗಳ ಸಂಖ್ಯೆಯನ್ನು ಮಾತ್ರ ಹೇಳುತ್ತದೆ. ಮೊದಲ ಪ್ರಶ್ನೆ.

ಬರೀ ಐಡಿ, ಆಮೇಲೆ ಯೂಸರ್ ಹೆಸರು. ಇದು ಪ್ರತಿ ಗುಂಪಿನ ಹೆಸರನ್ನೂ ಹೇಳುತ್ತದೆ. ಅಂದರೆ ಮೊದಲ ಪ್ರಶ್ನೆ ಒಂದು ಸಲ, ಜೊತೆಗೆ ಗುಂಪಿಗೊಂದರಂತೆ ಎರಡನೆಯ ಪ್ರಶ್ನೆ.

ಗೆಟೆಂಟ್ ಗ್ರೂಪ್, ಆಮೇಲೆ ಆ ದೊಡ್ಡ ಗುಂಪಿನ ಹೆಸರು. ಪೂರ್ತಿ ಎರಡನೆಯ ಪ್ರಶ್ನೆ.

ಮೊದಲನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು, ಉಳಿದೆರಡು ಒಂದು ಚಾ ಕುಡಿದು ಬರುವಷ್ಟು ಹೊತ್ತು ತೆಗೆದುಕೊಂಡರೆ ರೋಗ ಗೊತ್ತಾಯ್ತು. ಮೊದಲನೆಯದೇ ನಿಧಾನ ಆದರೆ ಸಮಸ್ಯೆ ಬೇರೆ: ಗುಂಪಿನೊಳಗೆ ಗುಂಪು ಜಾಸ್ತಿ ಇರಬೇಕು, ಇಲ್ಲವೇ ಡೈರೆಕ್ಟರಿಯಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಸೂಚಿ) ಇರಲಿಕ್ಕಿಲ್ಲ. ಅದಕ್ಕೆ ಹಂತ 5 ಮತ್ತು 6.

ನಮ್ಮ ಲ್ಯಾಬಿನಲ್ಲಿ ಇದನ್ನು ಮಾಡಿದಾಗ ಮೊದಲನೆಯದು ಚುರುಕಾಗಿಯೇ ಇತ್ತು. ಹಾಗಾದರೆ ಲಾಗಿನ್ ಹೊತ್ತಲ್ಲಿ ಎರಡನೆಯ ಪ್ರಶ್ನೆ ಕೇಳುತ್ತಿದ್ದದ್ದು ಯಾರು? ಹುಡುಕಿದರೆ ಸಿಕ್ಕಿದ್ದು ಪ್ರೊಫೈಲ್.ಡಿ ಫೋಲ್ಡರಿನಲ್ಲಿ (ಇದರೊಳಗಿನ ಸ್ಕ್ರಿಪ್ಟ್‌ಗಳು ಲಾಗಿನ್ ಆದಾಗ ತಾವಾಗಿ ಓಡುತ್ತವೆ) ವರ್ಷಗಳ ಹಿಂದೆ ಯಾರೋ ಇಟ್ಟಿದ್ದ ಆರು ಸಾಲಿನ ಸ್ಕ್ರಿಪ್ಟ್. ಲಾಗಿನ್ ಆದವನು "ಪ್ರಾಜೆಕ್ಟ್" ಗುಂಪಿನಲ್ಲಿದ್ದರೆ ಸಿಹಿಯಾದ ಒಂದು ಸ್ವಾಗತ ಸಂದೇಶ ತೋರಿಸುವುದಷ್ಟೇ ಅದರ ಕೆಲಸ. ಅದಕ್ಕೆ ಅದು ಗ್ರೂಪ್ಸ್ ಆದೇಶ ಓಡಿಸಿ, ಬಂದ ಹೆಸರುಗಳಲ್ಲಿ ಗ್ರೆಪ್ ಮಾಡಿ ಹುಡುಕುತ್ತಿತ್ತು. ಹೆಸರು ಬೇಕಾದ್ದರಿಂದ ಪ್ರತಿ ಗುಂಪಿನ ಸದಸ್ಯರೆಲ್ಲ ಇಳಿದು ಬರುತ್ತಿದ್ದರು. ಒಂದು "ಸುಸ್ವಾಗತ"ಕ್ಕಾಗಿ 18,000 ಮಂದಿ! ಅದರ ಜಾಗದಲ್ಲಿ ಐಡಿ ಹೈಫನ್ ದೊಡ್ಡ ಜಿ ಹಾಕಿ, ಗುಂಪಿನ ಸಂಖ್ಯೆಯನ್ನೇ ಹೋಲಿಸುವಂತೆ ಬದಲಿಸಿದೆ. ಇಂಥ ಸ್ಕ್ರಿಪ್ಟ್ ನಿಮ್ಮಲ್ಲೂ ಇರುತ್ತದೆ, ನೋಡಿ. ಪ್ರಾಂಪ್ಟ್ ಚಂದ ಮಾಡಲು ಹಾಕಿದ್ದು, ಕೋಟಾ ತೋರಿಸಲು ಹಾಕಿದ್ದು, ಪ್ರಿಂಟರ್ ಜೋಡಿಸಲು ಹಾಕಿದ್ದು, ಎಲ್ಲವನ್ನೂ ತೆರೆದು ಓದಿ.

ಇನ್ನೂ ಆಳಕ್ಕೆ ನೋಡಬೇಕಾದರೆ ಎಸ್‌ಎಸ್‌ಎಸ್‌ಡಿ ಕಾನ್ಫ್ ಫೈಲಿನ ಡೊಮೇನ್ ವಿಭಾಗದಲ್ಲಿ ಡೀಬಗ್_ಲೆವೆಲ್ 7 ಇಟ್ಟು ಒಂದು ಸಲ ಲಾಗಿನ್ ಮಾಡಿ. ಲಾಗ್ ಫೈಲಿನಲ್ಲಿ ಯಾವ ಗುಂಪಿನ ಹುಡುಕಾಟ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟಕ್ಕೆ ಮುಗಿಯಿತು ಕಾಣುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಇಳಿಸಲು ಮರೆಯಬೇಡಿ. ನಾನು ಮರೆತು ಡಿಸ್ಕ್ ತುಂಬಿಸಿದ್ದೇನೆ.

ಹಂತ 3: ಒಂದು ಸಾಲಿನ ಮದ್ದು

ಎಸ್‌ಎಸ್‌ಎಸ್‌ಡಿ ಕಾನ್ಫ್ ಫೈಲ್ ತೆರೆದು, ನಿಮ್ಮ ಡೊಮೇನ್ ವಿಭಾಗದಲ್ಲಿ ಇದನ್ನು ಸೇರಿಸಿ:

ಇಗ್ನೋರ್_ಗ್ರೂಪ್_ಮೆಂಬರ್ಸ್ = ಟ್ರೂ

ಸರ್ವಿಸ್ ರೀಸ್ಟಾರ್ಟ್ ಮಾಡಿ. ಮುಗಿಯಿತು. ಇನ್ನು ಮುಂದೆ ಗುಂಪಿನ ಬಗ್ಗೆ ಕೇಳಿದಾಗ ಎಸ್‌ಎಸ್‌ಎಸ್‌ಡಿ ಸದಸ್ಯರ ಪಟ್ಟಿಯನ್ನು ಸರ್ವರ್ ಹತ್ತಿರ ಕೇಳುವುದೇ ಇಲ್ಲ. ಹೆಸರು, ಸಂಖ್ಯೆ ಅಷ್ಟೇ. ಈ ಸೆಟ್ಟಿಂಗ್ ಡೀಫಾಲ್ಟ್ ಆಗಿ ಫಾಲ್ಸ್ ಇರುತ್ತದೆ, ಆದ್ದರಿಂದ ನೀವಾಗಿ ಹಾಕದೆ ಬರುವುದಿಲ್ಲ. ಮುಖ್ಯ ಡೊಮೇನ್ ಒಂದು, ಅದರಡಿ ಬೇರೆ ಉಪ ಡೊಮೇನ್‌ಗಳಿದ್ದರೆ ಸಬ್‌ಡೊಮೇನ್_ಇನ್‌ಹೆರಿಟ್ ಅನ್ನುವ ಇನ್ನೊಂದು ಸಾಲಿನಲ್ಲಿ ಇದೇ ಸೆಟ್ಟಿಂಗ್‌ನ ಹೆಸರು ಹಾಕಿ. ಇಲ್ಲದಿದ್ದರೆ ಉಪ ಡೊಮೇನಿನ ಗುಂಪುಗಳು ಹಳೆಯ ಚಾಳಿಯನ್ನೇ ಮುಂದುವರಿಸುತ್ತವೆ.

"ಸದಸ್ಯರೇ ಇಲ್ಲದಿದ್ದರೆ ಅನುಮತಿ ಹೇಗೆ ಕೆಲಸ ಮಾಡುತ್ತದೆ?" ಅಂತ ಎಲ್ಲರೂ ಕೇಳುತ್ತಾರೆ. ಕೆಲಸ ಮಾಡುತ್ತದೆ. ಲಾಗಿನ್ ಹೊತ್ತಲ್ಲಿ ಮೊದಲ ಪ್ರಶ್ನೆಗೆ ಉತ್ತರ ಎಂದಿನಂತೆ ಬರುತ್ತದೆ, ಕರ್ನಲ್ ಆ ಸಂಖ್ಯೆಗಳನ್ನು ಪ್ರೊಸೆಸ್‌ಗೆ ಅಂಟಿಸುತ್ತದೆ. ಫೈಲಿನ ಅನುಮತಿ ನೋಡುವುದು ಆ ಸಂಖ್ಯೆಗಳಿಂದ. ಎಸ್‌ಎಸ್‌ಎಚ್‌ನ ಅಲೋಗ್ರೂಪ್ಸ್ (ದೂರದಿಂದ ಯಾವ ಗುಂಪಿನವರು ಲಾಗಿನ್ ಆಗಬಹುದು ಅನ್ನುವ ಸೆಟ್ಟಿಂಗ್), ರೂಟ್ ಅಧಿಕಾರ ಕೊಡುವ ಸುಡೋದಲ್ಲಿ ಶೇಕಡಾ ಚಿಹ್ನೆ ಹಾಕಿ ಬರೆಯುವ ಗುಂಪಿನ ನಿಯಮ, ಎಸ್‌ಎಸ್‌ಎಸ್‌ಡಿಯ ಸಿಂಪಲ್_ಅಲೋ_ಗ್ರೂಪ್ಸ್, ಇವೆಲ್ಲ ವ್ಯಕ್ತಿಯ ಕಡೆಯಿಂದ ನೋಡುತ್ತವೆ. ಬಾಗಿಲಲ್ಲಿ ಕೇಳುವ ಕಾಟವೂ ಕಡಿಮೆಯಾಗಿ ಪ್ರವೇಶ ಪರಿಶೀಲನೆ ಇನ್ನಷ್ಟು ಚುರುಕಾಗುತ್ತದೆ.

ಆದರೆ ಕೆಲವು ಕಡೆ ಪೆಟ್ಟು ಬೀಳುತ್ತದೆ. ಗೆಟೆಂಟ್ ಗ್ರೂಪ್ ಈಗ ಪ್ರತಿ ಗುಂಪನ್ನೂ ಖಾಲಿ ಅಂತ ತೋರಿಸುತ್ತದೆ. ಸದಸ್ಯರ ಪಟ್ಟಿ ಓದಿ ಹಾಜರಿ ಶೀಟ್ ಮಾಡುವ, ಹೋಮ್ ಫೋಲ್ಡರ್ ಸೃಷ್ಟಿಸುವ ನಿಮ್ಮ ಹಳೆಯ ಸ್ಕ್ರಿಪ್ಟ್‌ಗಳು ಮೌನವಾಗಿ ಏನೂ ಮಾಡದೆ ಮುಗಿಯುತ್ತವೆ. ತಪ್ಪು ಅಂತಲೂ ಹೇಳುವುದಿಲ್ಲ, ಅದೇ ಅಪಾಯ. ಪೋಲ್‌ಕಿಟ್‌ನಲ್ಲಿ (ಅಡ್ಮಿನ್ ಕೆಲಸಕ್ಕೆ ಅನುಮತಿ ಕೊಡುವ ಲಿನಕ್ಸ್‌ನ ಭಾಗ) ಡೈರೆಕ್ಟರಿಯ ಗುಂಪೊಂದನ್ನು ಅಡ್ಮಿನ್ ಗುಂಪು ಮಾಡಿದ್ದರೆ ಅದೂ ಎಡವುತ್ತದೆ. ಯಾಕೆಂದರೆ "ಯಾವ ಅಡ್ಮಿನ್ ಪಾಸ್‌ವರ್ಡ್ ಕೊಡುತ್ತೀರಿ?" ಅಂತ ತೋರಿಸಲು ಅದು ಸದಸ್ಯರನ್ನು ಎಣಿಸುತ್ತದೆ. ಪಟ್ಟಿ ಬೇಕಾದ ಸ್ಕ್ರಿಪ್ಟ್ ನೇರವಾಗಿ ಡೈರೆಕ್ಟರಿಯನ್ನು ಕೇಳಲಿ, ರಾತ್ರಿ ಒಂದು ಸಲ, ಒಂದೇ ಯಂತ್ರದಿಂದ. 60 ಯಂತ್ರಗಳಲ್ಲಿ ಬೆಳಿಗ್ಗೆ 9ಕ್ಕೆ ಬೇಡ.

ಹಳೆಯ ಸಂಗ್ರಹದಲ್ಲಿ ಸದಸ್ಯರೆಲ್ಲ ಇನ್ನೂ ಕೂತಿರಬಹುದು. ಸರ್ವಿಸ್ ನಿಲ್ಲಿಸಿ, ಎಸ್‌ಎಸ್‌ಎಸ್‌ಡಿಯ ಡಿಬಿ ಫೋಲ್ಡರಿನಲ್ಲಿರುವ ಫೈಲುಗಳನ್ನು ಅಳಿಸಿ, ಮತ್ತೆ ಶುರು ಮಾಡಿದರೆ ಚೊಕ್ಕ ಆಗುತ್ತದೆ. ಲ್ಯಾಬಿನ ಯಂತ್ರಗಳಲ್ಲಿ ಇದನ್ನು ಧೈರ್ಯವಾಗಿ ಮಾಡಿ. ಮನೆಗೆ ಒಯ್ಯುವ ಲ್ಯಾಪ್‌ಟಾಪಿನಲ್ಲಿ ಮಾತ್ರ ಬೇಡ: ನೆಟ್‌ವರ್ಕ್ ಇಲ್ಲದಾಗ ಲಾಗಿನ್ ಆಗಲು ಉಳಿಸಿಟ್ಟ ಪಾಸ್‌ವರ್ಡ್ ಗುರುತೂ ಅದೇ ಫೈಲಿನಲ್ಲಿರುತ್ತದೆ. ಕಾರ್ಕಳದಲ್ಲಿ ಮನೆಯಲ್ಲಿ ಕೂತವರು ಫೋನ್ ಮಾಡಿ ಬೈಯುತ್ತಾರೆ.

ಹಂತ 4: ಪೇಜ್ ಬೇರೆ, ರೇಂಜ್ ಬೇರೆ

ಇಲ್ಲಿ ಬಹಳ ಜನ ಎಡವುತ್ತಾರೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಆಕ್ಟಿವ್ ಡೈರೆಕ್ಟರಿಯಲ್ಲಿ ಎರಡು ಮಿತಿಗಳಿವೆ. ಮ್ಯಾಕ್ಸ್‌ಪೇಜ್‌ಸೈಜ್, ಡೀಫಾಲ್ಟ್ 1,000. ಒಂದು ಹುಡುಕಾಟಕ್ಕೆ ಒಮ್ಮೆಗೆ ಎಷ್ಟು ದಾಖಲೆಗಳು ಬರಬಹುದು ಅನ್ನುವುದಕ್ಕೆ ಇದು. ಮ್ಯಾಕ್ಸ್‌ವ್ಯಾಲ್‌ರೇಂಜ್, ಡೀಫಾಲ್ಟ್ 1,500. ಒಂದೇ ದಾಖಲೆಯ ಒಂದೇ ಗುಣದಲ್ಲಿ (ಆಟ್ರಿಬ್ಯೂಟ್) ಒಮ್ಮೆಗೆ ಎಷ್ಟು ಮೌಲ್ಯಗಳು ಬರಬಹುದು ಅನ್ನುವುದಕ್ಕೆ ಇದು. ಮೊದಲನೆಯದು ಪುಸ್ತಕಗಳ ಲೆಕ್ಕ, ಎರಡನೆಯದು ಒಂದೇ ಪುಸ್ತಕದ ಪುಟಗಳ ಲೆಕ್ಕ. ದೊಡ್ಡ ಗುಂಪು ಅಂದರೆ ಒಂದೇ ದಪ್ಪ ಪುಸ್ತಕ. ಅದಕ್ಕೆ ಪೇಜಿಂಗ್ ಹಾಕಿ ಪ್ರಯೋಜನ ಇಲ್ಲ.

18,000 ಮಂದಿಯ ಗುಂಪಿನ ಮೆಂಬರ್ ಗುಣವನ್ನು, ಡೈರೆಕ್ಟರಿಯನ್ನು ನೇರವಾಗಿ ಕೇಳುವ ಆದೇಶವಾದ ಎಲ್‌ಡ್ಯಾಪ್‌ಸರ್ಚ್‌ನಲ್ಲಿ ಕೇಳಿ ನೋಡಿ. ಉತ್ತರದಲ್ಲಿ ಬರೀ ಮೆಂಬರ್ ಅಂತ ಇರುವುದಿಲ್ಲ. ಮೆಂಬರ್;ರೇಂಜ್=0-1499 ಅಂತ ಇರುತ್ತದೆ. ಮುಂದಿನದ್ದು ಬೇಕಾದರೆ ನೀವು 1500 ರಿಂದ ಅಂತ ಮತ್ತೆ ಕೇಳಬೇಕು. ಹೀಗೆ 12 ಸಲ. ಕೊನೆಯ ಕಂತಿನಲ್ಲಿ ಸಂಖ್ಯೆಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಬರುತ್ತದೆ, 16500-* ಅಂತ. ಅದು ಕಂಡರೆ ಮುಗಿಯಿತು.

ಇದು ಗೊತ್ತಿಲ್ಲದೆ ಬರೆದ ಕೋಡ್ ಏನು ಮಾಡುತ್ತದೆ? ಮೆಂಬರ್ ಅನ್ನುವ ಹೆಸರನ್ನಷ್ಟೇ ಹುಡುಕುತ್ತದೆ, ಅದು ಖಾಲಿ ಇರುತ್ತದೆ. ಗುಂಪಿನಲ್ಲಿ 1,500 ಮಂದಿ ಇರುವ ತನಕ ಎಲ್ಲ ಸರಿ. 1,501ನೆಯವನು ಸೇರಿದ ಗಳಿಗೆಗೆ ಗುಂಪೇ ಖಾಲಿ. ಉಡುಪಿ ಹತ್ತಿರದ ಒಂದು ಕಡೆ ಗ್ರಂಥಾಲಯದ ಲಾಗಿನ್ ದಿಢೀರ್ ಅಂತ ಎಲ್ಲರನ್ನೂ ಹೊರಗಟ್ಟಿದ್ದು ಹೀಗೆಯೇ. "ನಿನ್ನೆ ರಾತ್ರಿವರೆಗೆ ಸರಿ ಇತ್ತು ಸಾರ್, ನಾವು ಏನೂ ಮುಟ್ಟಲಿಲ್ಲ" ಅಂದರು. ನಿಜವೇ, ಯಾರೂ ಮುಟ್ಟಿರಲಿಲ್ಲ. ಹೊಸ ಬ್ಯಾಚಿನ ಅಡ್ಮಿಷನ್ ಆಗಿತ್ತು ಅಷ್ಟೇ.

ಎಸ್‌ಎಸ್‌ಎಸ್‌ಡಿಗೆ ರೇಂಜ್ ಅರ್ಥವಾಗುತ್ತದೆ, ತಾನೇ ಕಂತು ಕಂತಾಗಿ ತರುತ್ತದೆ. ಎಲ್‌ಡ್ಯಾಪ್_ಡಿಸೇಬಲ್_ರೇಂಜ್_ರಿಟ್ರೀವಲ್ ಹಾಕಿ ಅದನ್ನು ನಿಲ್ಲಿಸಲೂಬಹುದು. ಆಗ 1,500 ಮೀರಿದ ಗುಂಪುಗಳು ಮಾತ್ರ ಖಾಲಿಯಾಗಿ ಕಾಣುತ್ತವೆ, ಚಿಕ್ಕವು ಸರಿಯಾಗಿ ಬರುತ್ತವೆ. ಚಿಕ್ಕ ಗುಂಪುಗಳ ಪಟ್ಟಿ ಬೇಕು, ದೊಡ್ಡದರ ಕಾಟ ಬೇಡ ಅನ್ನುವವರಿಗೆ ಇದು ಮಧ್ಯದ ದಾರಿ.

ಸರ್ವರ್ ಕಡೆ ಈ ಮಿತಿಗಳನ್ನೇ ಏರಿಸಿಬಿಡೋಣ ಅನ್ನುವ ಸಲಹೆ ಬಂದೇ ಬರುತ್ತದೆ. ನಾನು ಒಪ್ಪುವುದಿಲ್ಲ. ಬಾಗಿಲು ಅಗಲ ಮಾಡಿದರೆ ಪಟ್ಟಿ ಓದುವ ಕೆಲಸವೇನೂ ಕಡಿಮೆಯಾಗುವುದಿಲ್ಲ. ಭಾರ ಪೂರ್ತಿ ಆಕ್ಟಿವ್ ಡೈರೆಕ್ಟರಿ ಓಡಿಸುವ ಡೊಮೇನ್ ಕಂಟ್ರೋಲರ್ ಮೇಲೆ ಬೀಳುತ್ತದೆ.

ಇನ್ನೊಂದು ವಿಚಿತ್ರ. ಡೊಮೇನ್ ಯೂಸರ್ಸ್ ಅನ್ನುವ ಗುಂಪಿನಲ್ಲಿ ಎಲ್ಲರೂ ಇರುತ್ತಾರೆ ಅಲ್ವಾ? ಅದರ ಮೆಂಬರ್ ಗುಣ ನೋಡಿದರೆ ಹೆಚ್ಚುಕಡಿಮೆ ಖಾಲಿ. ಅಲ್ಲಿ ಸದಸ್ಯತ್ವ ಇರುವುದು ಪ್ರತಿ ವ್ಯಕ್ತಿಯ ದಾಖಲೆಯಲ್ಲಿ, ಪ್ರೈಮರಿಗ್ರೂಪ್‌ಐಡಿ 513 ಅನ್ನುವ ರೂಪದಲ್ಲಿ. "ಎಲ್ಲರೂ" ಅನ್ನುವ ಗುಂಪು ಬೇಕೆಂದರೆ ಮೈಕ್ರೋಸಾಫ್ಟ್ ಆಗಲೇ ಕೊಟ್ಟಿದೆ, ಅದೂ ಪಟ್ಟಿ ಇಲ್ಲದೆ. ನಮ್ಮ ಕಚೇರಿಯವರ ಹೊಸ ಗುಂಪಿಗೆ ಪರ್ಯಾಯವಾಗಿ ನಾನು ಸೂಚಿಸಿದ್ದು ಎರಡು: ಅನುಮತಿಗೆ ಇದನ್ನೇ ಬಳಸಿ, ಸುತ್ತೋಲೆಗೆ ಮೇಲ್ ಕಳಿಸಲು ಮಾತ್ರ ಇರುವ ಡಿಸ್ಟ್ರಿಬ್ಯೂಷನ್ ಗುಂಪು ಮಾಡಿ. ಅನುಮತಿಗೆ ಬಳಸುವ ಸೆಕ್ಯೂರಿಟಿ ಗುಂಪು ಬೇಡ.

ಹಂತ 5: ಗುಂಪಿನೊಳಗೆ ಗುಂಪು

ನಂಟಸ್ತಿಕೆ ಬಿಡಿಸುವುದು ಕರಾವಳಿಯವರಿಗೆ ಹೊಸದಲ್ಲ. ಹೊಸಬರು ಸಿಕ್ಕರೆ ಐದು ನಿಮಿಷದಲ್ಲಿ ಅವರ ಅತ್ತೆಯ ತವರಿನ ತನಕ ಹೋಗುತ್ತೇವೆ. ಸಾಫ್ಟ್‌ವೇರ್‌ಗೆ ಅಷ್ಟು ತಾಳ್ಮೆ ಇರಬೇಕಾಗಿಲ್ಲ.

ಆಕ್ಟಿವ್ ಡೈರೆಕ್ಟರಿಯಲ್ಲಿ ಟೋಕನ್‌ಗ್ರೂಪ್ಸ್ ಅನ್ನುವ ಗುಣವಿದೆ. ಒಬ್ಬ ವ್ಯಕ್ತಿಯ ದಾಖಲೆಯ ಮೇಲೆ ನೇರವಾಗಿ ಕೇಳಿದರೆ, ಒಳಗೊಳಗಿನ ಗುಂಪುಗಳೂ ಸೇರಿ ಅವನ ಎಲ್ಲ ಸೆಕ್ಯೂರಿಟಿ ಗುಂಪುಗಳ ಗುರುತನ್ನು ಸರ್ವರೇ ಲೆಕ್ಕ ಹಾಕಿ ಒಂದೇ ಉತ್ತರದಲ್ಲಿ ಕೊಡುತ್ತದೆ. ಪ್ರೈಮರಿ ಗುಂಪೂ ಅದರಲ್ಲಿ ಬರುತ್ತದೆ, ಡಿಸ್ಟ್ರಿಬ್ಯೂಷನ್ ಗುಂಪು ಬರುವುದಿಲ್ಲ. ಎಸ್‌ಎಸ್‌ಎಸ್‌ಡಿ ಆಕ್ಟಿವ್ ಡೈರೆಕ್ಟರಿ ಜೊತೆ ಇದನ್ನೇ ಬಳಸುತ್ತದೆ. ಯಾರಾದರೂ ಎಲ್‌ಡ್ಯಾಪ್_ಯೂಸ್_ಟೋಕನ್‌ಗ್ರೂಪ್ಸ್ ಅನ್ನು ಫಾಲ್ಸ್ ಮಾಡಿಟ್ಟಿದ್ದರೆ, ಯಾಕೆ ಅಂತ ವಿಚಾರಿಸಿ. ಕಾರಣ ಗೊತ್ತಿಲ್ಲ ಅಂದರೆ ತೆಗೆಯಿರಿ.

ಬೇರೆ ಡೈರೆಕ್ಟರಿಗಳಲ್ಲಿ ಎಲ್‌ಡ್ಯಾಪ್_ಗ್ರೂಪ್_ನೆಸ್ಟಿಂಗ್_ಲೆವೆಲ್ ಎಷ್ಟು ಆಳಕ್ಕೆ ಇಳಿಯಬೇಕು ಅಂತ ಹೇಳುತ್ತದೆ, ಡೀಫಾಲ್ಟ್ 2. ನಿಮ್ಮಲ್ಲಿ ಗುಂಪಿನೊಳಗೆ ಗುಂಪು ಇಲ್ಲದಿದ್ದರೆ 0 ಮಾಡಿ.

ಉದ್ದನೆಯ ಸಂಖ್ಯೆಯ ಒಂದು ಫಿಲ್ಟರ್ ಬಗ್ಗೆ ಎಚ್ಚರ: 1.2.840.113556.1.4.1941. ಸರಪಳಿ ಹಿಡಿದು ಮೇಲಿನ ತನಕ ಹುಡುಕುವ ಆಕ್ಟಿವ್ ಡೈರೆಕ್ಟರಿಯ ನಿಯಮ ಇದು. ಒಬ್ಬ ವ್ಯಕ್ತಿಯ ದಾಖಲೆಯ ಮೇಲೆ ಮಾತ್ರ ಪ್ರವೇಶ ಫಿಲ್ಟರ್ ಆಗಿ ಬಳಸಿದರೆ ಪರವಾಗಿಲ್ಲ. ಇಡೀ ಮರದ ಮೇಲೆ "ಈ ಗುಂಪಿನ ಎಲ್ಲ ಒಳಸದಸ್ಯರನ್ನು ಕೊಡು" ಅಂತ ಪ್ರತಿ ಲಾಗಿನ್‌ಗೆ ಓಡಿಸಿದರೆ ಸರ್ವರ್ ಏದುಸಿರು ಬಿಡುತ್ತದೆ.

ಹಂತ 6: ಓಪನ್‌ಎಲ್‌ಡ್ಯಾಪ್ ಇದ್ದರೆ

ಇಲ್ಲಿ ಮೊದಲು ನೋಡಬೇಕಾದ್ದು ಗುಂಪಿನ ಮಾದರಿ. ಹಳೆಯ ಆರ್‌ಎಫ್‌ಸಿ 2307 ಮಾದರಿಯಲ್ಲಿ ಮೆಂಬರ್‌ಯುಐಡಿ ಅನ್ನುವಲ್ಲಿ ಯೂಸರ್ ಹೆಸರೇ ಇರುತ್ತದೆ. 2307ಬಿಸ್ ಮಾದರಿಯಲ್ಲಿ ಮೆಂಬರ್ ಅನ್ನುವಲ್ಲಿ ಡೈರೆಕ್ಟರಿಯೊಳಗೆ ಆ ವ್ಯಕ್ತಿಯ ದಾಖಲೆ ಎಲ್ಲಿದೆ ಅನ್ನುವ ಪೂರ್ತಿ ವಿಳಾಸ (ಡಿಎನ್) ಇರುತ್ತದೆ. ಎರಡನೆಯದರಲ್ಲಿ ಗುಂಪೊಳಗೆ ಗುಂಪು ಮಾಡಬಹುದು, ಆದರೆ ಪಟ್ಟಿ ಕೇಳಿದಾಗ ಪ್ರತಿ ವಿಳಾಸವನ್ನೂ ಯೂಸರ್ ಹೆಸರಾಗಿ ಬದಲಿಸಲು ಮತ್ತೆ ಹುಡುಕಾಟ ಬೇಕು. ಗೊತ್ತಿಲ್ಲದ ಸದಸ್ಯರು ಎಲ್‌ಡ್ಯಾಪ್_ಡಿರೆಫ್_ಥ್ರೆಶೋಲ್ಡ್ ಮೀರಿದರೆ, ಅದು ಡೀಫಾಲ್ಟ್ 10, ಎಸ್‌ಎಸ್‌ಎಸ್‌ಡಿ ಒಬ್ಬೊಬ್ಬರನ್ನೇ ಕೇಳುವ ಬದಲು ಒಟ್ಟಿಗೆ ತರಲು ನೋಡುತ್ತದೆ. ಸರ್ವರ್ ಅದಕ್ಕೆ ಬೆಂಬಲ ಕೊಡಬೇಕು.

ಮೆಂಬರ್ ಮತ್ತು ಮೆಂಬರ್‌ಯುಐಡಿ ಎರಡಕ್ಕೂ ಸಮಾನತೆಯ ಇಂಡೆಕ್ಸ್ ಇರಲಿ. ಇದಿಲ್ಲದಿದ್ದರೆ "ಈತ ಯಾವ ಗುಂಪಿನವ" ಅನ್ನುವ ಸುಲಭದ ಪ್ರಶ್ನೆಗೂ ಸರ್ವರ್ ಎಲ್ಲ ಗುಂಪುಗಳನ್ನೂ ತೆರೆದು ನೋಡಬೇಕಾಗುತ್ತದೆ. ಸಾರ್ಟ್‌ವ್ಯಾಲ್ಸ್ ಅನ್ನುವ ಸೆಟ್ಟಿಂಗಿನಲ್ಲಿ ಮೆಂಬರ್ ಹಾಕಿದರೆ ಮೌಲ್ಯಗಳು ಯಾವಾಗಲೂ ವಿಂಗಡಿಸಿದ ಕ್ರಮದಲ್ಲಿ (ಅದು ಅಕ್ಷರ ಕ್ರಮವೇ ಆಗಿರಬೇಕಾಗಿಲ್ಲ) ಉಳಿಯುತ್ತವೆ. ಒಬ್ಬರನ್ನು ಸೇರಿಸುವುದು, ತೆಗೆಯುವುದು, ಹೋಲಿಸುವುದು ಚುರುಕಾಗುತ್ತದೆ. ಡಿಕ್ಷನರಿಯಲ್ಲಿ ಹುಡುಕುವುದಕ್ಕೂ ಚೀಲದಲ್ಲಿ ತಡಕಾಡುವುದಕ್ಕೂ ಇರುವಷ್ಟು ವ್ಯತ್ಯಾಸ.

ಮೆಂಬರ್‌ಆಫ್ ಓವರ್ಲೇ (ಸರ್ವರಿಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿದರೆ ವ್ಯಕ್ತಿಯ ದಾಖಲೆಯಲ್ಲೇ ಅವನ ಗುಂಪುಗಳು ಕಾಣುತ್ತವೆ. ಆದರೆ ಅದನ್ನು ಹಾಕಿದ ಮೇಲೆ ಆದ ಬದಲಾವಣೆಗಳಿಗೆ ಮಾತ್ರ. ಮೊದಲೇ ಇದ್ದ ಸದಸ್ಯರನ್ನು ತೆಗೆದು ಮತ್ತೆ ಸೇರಿಸಬೇಕು. "ಹಾಕಿದೆ, ಕೆಲಸ ಮಾಡ್ತಾ ಇಲ್ಲ" ಅನ್ನುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ.

ಹಂತ 7: ನಿಮ್ಮದೇ ಲಾಗಿನ್ ಕೋಡ್ ಆದರೆ

ಗುಂಪನ್ನು ತಂದು, ಸದಸ್ಯರ ಪಟ್ಟಿಯಲ್ಲಿ ಇವನಿದ್ದಾನಾ ಅಂತ ಲೂಪ್ ಹಾಕುವ ಕೋಡನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಒಂದು ಸಲ ಬರೆದದ್ದು ನಾನೇ. ಟೆಸ್ಟ್ ಗುಂಪಿನಲ್ಲಿ ನಾಲ್ಕು ಜನ ಇರುವಾಗ ಅದು ಎಷ್ಟು ಚಂದ ಓಡುತ್ತದೆ ಗೊತ್ತಾ!

ಅದರ ಬದಲು ಒಂದೇ ಗುಂಪನ್ನು ನೋಡಬೇಕಾದರೆ ಎಲ್‌ಡ್ಯಾಪ್‌ನ (ಡೈರೆಕ್ಟರಿ ಜೊತೆ ಮಾತಾಡುವ ಭಾಷೆ) ಕಂಪೇರ್ ಕ್ರಿಯೆ ಬಳಸಿ. ಗುಂಪಿನ ವಿಳಾಸ ಕೊಡಿ, ಮೆಂಬರ್ ಅನ್ನುವಲ್ಲಿ ಈ ವ್ಯಕ್ತಿಯ ವಿಳಾಸ ಇದೆಯಾ ಕೇಳಿ. ಹೌದು ಅಥವಾ ಇಲ್ಲ ಅನ್ನುವ ಉತ್ತರ ಬರುತ್ತದೆ, ಒಬ್ಬ ಸದಸ್ಯನ ಹೆಸರೂ ತಂತಿ ಮೇಲೆ ಬರುವುದಿಲ್ಲ. ಒಳಗುಂಪುಗಳನ್ನು ಮಾತ್ರ ಇದು ನೋಡುವುದಿಲ್ಲ.

ಎಲ್ಲ ಗುಂಪುಗಳೂ ಬೇಕಾದರೆ ಗುಂಪುಗಳ ಮೇಲೆ ಹುಡುಕಾಟ ಮಾಡಿ, ಫಿಲ್ಟರಿನಲ್ಲಿ ಮೆಂಬರ್ = ಈ ವ್ಯಕ್ತಿಯ ವಿಳಾಸ ಹಾಕಿ. ಯಾವ ಗುಣಗಳು ಬೇಕು ಅನ್ನುವಲ್ಲಿ ಗುಂಪಿನ ಹೆಸರನ್ನು ಮಾತ್ರ ಬರೆಯಿರಿ. ಅದನ್ನು ಖಾಲಿ ಬಿಟ್ಟರೆ ಎಲ್ಲ ಗುಣಗಳೂ ಬರುತ್ತವೆ, ಅದರಲ್ಲಿ ಮೆಂಬರ್ ಕೂಡ ಸೇರಿದೆ. ಸರಿಯಾದ ಪ್ರಶ್ನೆ ಕೇಳಿಯೂ 18,000 ಮಂದಿಯನ್ನು ಮನೆಗೆ ಕರೆದ ಹಾಗೆ.

ವ್ಯಕ್ತಿಯ ವಿಳಾಸವನ್ನು ಫಿಲ್ಟರಿನಲ್ಲಿ ಹಾಕುವಾಗ ಎಸ್ಕೇಪ್ ಮಾಡಿ, ಅಂದರೆ ವಿಶೇಷ ಚಿಹ್ನೆಗಳನ್ನು ಸಂಕೇತವಾಗಿ ಬದಲಿಸಿ. ನಮ್ಮಲ್ಲಿ ಒಂದೇ ಹೆಸರಿನ ಶೆಟ್ಟಿಯವರು, ಡಿಸೋಜರು ಬೇಕಾದಷ್ಟಿದ್ದಾರೆ. ಹಾಗಾಗಿ ಕಚೇರಿಯವರು ಹೆಸರಿನ ಮುಂದೆ ಆವರಣ ಹಾಕಿ ವಿಭಾಗದ ಹೆಸರು ಬರೆಯುತ್ತಾರೆ. ಆ ಆವರಣ ಹಾಗೆಯೇ ಫಿಲ್ಟರಿನೊಳಗೆ ಹೋದರೆ ಹುಡುಕಾಟ ಮುರಿದುಬೀಳುತ್ತದೆ. ತೆರೆಯುವ ಆವರಣಕ್ಕೆ \28, ಮುಚ್ಚುವುದಕ್ಕೆ \29. ಲೈಬ್ರರಿಯಲ್ಲಿ ಇದಕ್ಕೆ ಫಂಕ್ಷನ್ ಇದ್ದೇ ಇರುತ್ತದೆ, ಕೈಯಲ್ಲಿ ಮಾಡಬೇಡಿ.

ಒಳಗುಂಪುಗಳನ್ನು ನೀವೇ ಹತ್ತಿ ಹೋಗುವುದಾದರೆ, ನೋಡಿಯಾದ ಗುಂಪುಗಳ ಪಟ್ಟಿ ಇಟ್ಟುಕೊಳ್ಳಿ. ಮೊದಲನೆಯದು ಎರಡನೆಯದರೊಳಗೆ, ಎರಡನೆಯದು ಮೊದಲನೆಯದರೊಳಗೆ ಇರುವ ಗುಂಪುಗಳನ್ನು ಕಣ್ಣಾರೆ ಕಂಡಿದ್ದೇನೆ.

ಕೀಕ್ಲೋಕ್ (ಹಲವು ಅಪ್ಲಿಕೇಶನ್‌ಗಳಿಗೆ ಒಂದೇ ಲಾಗಿನ್ ಕೊಡುವ ಸಾಫ್ಟ್‌ವೇರ್) ಬಳಸುವವರು ಎಲ್‌ಡ್ಯಾಪ್ ಗ್ರೂಪ್ ಮ್ಯಾಪರ್‌ನಲ್ಲಿ ವ್ಯಕ್ತಿಯ ಗುಂಪುಗಳನ್ನು ತರುವ ವಿಧಾನ ನೋಡಿ. ಡೈರೆಕ್ಟರಿಯಲ್ಲಿ ಮೆಂಬರ್‌ಆಫ್ ಇದ್ದರೆ ಅದರಿಂದ ತರುವ ಆಯ್ಕೆ ಹಗುರ. ಜೊತೆಗೆ ಫಿಲ್ಟರ್ ಹಾಕಿ ಆ ಅಪ್ಲಿಕೇಶನ್‌ಗೆ ಬೇಕಾದ ಗುಂಪುಗಳನ್ನು ಮಾತ್ರ ಒಳಗೆ ಬಿಡಿ.

ಹಂತ 8: ತಲೆಕೆಳಗಾದ ಸಮಸ್ಯೆ, ಒಬ್ಬನಿಗೇ ನೂರಾರು ಗುಂಪು

ಇದು ದೊಡ್ಡ ಗುಂಪಿನ ಅಣ್ಣತಮ್ಮ. ಬೇಗ ಹೇಳಿ ಮುಗಿಸುತ್ತೇನೆ. ಕರ್ಬರೋಸ್ ಅನ್ನುವ ಗುರುತು ದೃಢೀಕರಣ ವ್ಯವಸ್ಥೆ ಕೊಡುವ ಟಿಕೆಟ್‌ನೊಳಗೆ ಗುಂಪುಗಳ ಗುರುತು ಹೋಗುತ್ತದೆ. ವಿಂಡೋಸ್‌ನಲ್ಲಿ ಅದರ ಡೀಫಾಲ್ಟ್ ಮಿತಿ ಹಿಂದೆ 12,000 ಬೈಟ್ ಇತ್ತು, ವಿಂಡೋಸ್ ಸರ್ವರ್ 2012 ರಿಂದ 48,000. ವೆಬ್‌ನಲ್ಲಿ ಈ ಟಿಕೆಟ್ ಹೋಗುವುದು ಕೋರಿಕೆಯ ಹೆಡರ್‌ನಲ್ಲಿ. ವೆಬ್ ಸರ್ವರ್ ಅಷ್ಟು ದೊಡ್ಡ ಹೆಡರ್ ತೆಗೆದುಕೊಳ್ಳಬೇಕಲ್ಲ? ಅಪಾಚೆಯಲ್ಲಿ ಒಂದು ಹೆಡರ್ ಸಾಲಿನ ಡೀಫಾಲ್ಟ್ ಮಿತಿ 8,190 ಬೈಟ್. ಹೊಸ ವಿದ್ಯಾರ್ಥಿ ಸಲೀಸಾಗಿ ಒಳಗೆ ಹೋಗಿ, ಇಪ್ಪತ್ತು ವರ್ಷ ಕೆಲಸ ಮಾಡಿ ಎಲ್ಲ ಸಮಿತಿಗಳಲ್ಲೂ ಇರುವ ಪ್ರೊಫೆಸರಿಗೆ ಮಾತ್ರ ಪುಟ ತೆರೆಯದಿದ್ದರೆ ಇದೇ ಕಾರಣ ಇರಬಹುದು.

ಮೈಕ್ರೋಸಾಫ್ಟಿನ ಕ್ಲೌಡ್ ಡೈರೆಕ್ಟರಿಯಾದ ಎಂಟ್ರಾದಲ್ಲಿ ಜೆಡಬ್ಲ್ಯುಟಿ ಟೋಕನ್‌ಗೆ 200, ಸ್ಯಾಮಲ್‌ಗೆ 150 ಗುಂಪುಗಳ ಮಿತಿ ಇದೆ (ಎರಡೂ ಲಾಗಿನ್ ಆದವರ ವಿವರವನ್ನು ಅಪ್ಲಿಕೇಶನ್‌ಗೆ ಒಯ್ಯುವ ಚೀಟಿಯ ಬಗೆಗಳು). ಅದು ಮೀರಿದರೆ ಗುಂಪುಗಳ ಬದಲು "ಇಲ್ಲಿ ಹೋಗಿ ಕೇಳು" ಅನ್ನುವ ಕೊಂಡಿ ಬರುತ್ತದೆ. ನಿಮ್ಮ ಕೋಡ್ ಅದನ್ನು ಓದದಿದ್ದರೆ ಆ ವ್ಯಕ್ತಿ ಯಾವ ಗುಂಪಿನಲ್ಲೂ ಇಲ್ಲ ಅಂತ ಅಂದುಕೊಳ್ಳುತ್ತದೆ. ಟೋಕನ್‌ನಲ್ಲಿ ಆ ಅಪ್ಲಿಕೇಶನ್‌ಗೆ ಜೋಡಿಸಿದ ಗುಂಪುಗಳನ್ನು ಮಾತ್ರ ಕಳಿಸುವ ಆಯ್ಕೆ ಇದೆ, ಅದನ್ನು ಹಾಕಿ.

ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವ್ಯವಸ್ಥೆ) ಹಳೆಯ ಆಥ್ ಸಿಸ್ ವಿಧಾನದಲ್ಲಿ 16 ಹೆಚ್ಚುವರಿ ಗುಂಪುಗಳನ್ನು ಮಾತ್ರ ಒಯ್ಯುತ್ತದೆ. 17ನೆಯ ಗುಂಪಿನ ಫೋಲ್ಡರ್ ತೆರೆಯುವುದಿಲ್ಲ. ಸರ್ವರಿನಲ್ಲಿ ಮೌಂಟ್‌ಡಿಗೆ ಮ್ಯಾನೇಜ್ ಜಿಐಡಿಎಸ್ ಆಯ್ಕೆ ಕೊಟ್ಟರೆ ಅದು ತಾನೇ ಗುಂಪುಗಳನ್ನು ಹುಡುಕಿಕೊಳ್ಳುತ್ತದೆ.

ಹಂತ 9: ಸಂಗ್ರಹ ಮತ್ತು 9 ಗಂಟೆಯ ನೂಕುನುಗ್ಗಲು

ಎಸ್‌ಎಸ್‌ಎಸ್‌ಡಿ ತಂದದ್ದನ್ನು ಎಂಟ್ರಿ_ಕ್ಯಾಶ್_ಟೈಮೌಟ್ ತನಕ ಇಟ್ಟುಕೊಳ್ಳುತ್ತದೆ, ಡೀಫಾಲ್ಟ್ 5,400 ಸೆಕೆಂಡ್, ಅಂದರೆ ಒಂದೂವರೆ ಗಂಟೆ. ರಾತ್ರಿ ಬಿಟ್ಟ ಯಂತ್ರದಲ್ಲಿ ಬೆಳಿಗ್ಗೆ ಎಲ್ಲವೂ ಹಳೆಯದಾಗಿರುತ್ತದೆ. ಹಾಗಾಗಿ 60 ಯಂತ್ರಗಳೂ ಒಟ್ಟಿಗೆ ಬಾಗಿಲು ಬಡಿಯುತ್ತವೆ. ಲ್ಯಾಬಿನಲ್ಲಿ ಗುಂಪುಗಳಿಗೆ ಮಾತ್ರ ಈ ಅವಧಿ ಹೆಚ್ಚಿಸಬಹುದು, ಅದಕ್ಕೆ ಎಂಟ್ರಿ_ಕ್ಯಾಶ್_ಗ್ರೂಪ್_ಟೈಮೌಟ್ ಅಂತ ಪ್ರತ್ಯೇಕ ಸೆಟ್ಟಿಂಗ್ ಇದೆ. ಗುಂಪಿನ ಹೆಸರು, ಸಂಖ್ಯೆ ದಿನಾ ಬದಲಾಗುವುದಿಲ್ಲವಲ್ಲ. ಎನ್ಯೂಮರೇಟ್ ಅನ್ನುವುದು ಟ್ರೂ ಇದ್ದರೆ ಈಗಲೇ ತೆಗೆಯಿರಿ. ಅದು ಇಡೀ ಡೈರೆಕ್ಟರಿಯನ್ನು ಪ್ರತಿ ಯಂತ್ರಕ್ಕೂ ಇಳಿಸುತ್ತದೆ.

ದೊಡ್ಡ ಗುಂಪನ್ನು ಡಿಸ್ಕಿಗೆ ಬರೆಯುತ್ತಾ ಎಸ್‌ಎಸ್‌ಎಸ್‌ಡಿ ಮೈಮರೆತರೆ ಅದರೊಳಗಿನ ಕಾವಲುಗಾರ ಅದನ್ನು ಮುಗಿಸಿಬಿಡುತ್ತಾನೆ. 10 ಸೆಕೆಂಡಿಗೊಮ್ಮೆ ಬಡಿತ, ಮೂರು ಬಡಿತ ತಪ್ಪಿದರೆ ಪ್ರೊಸೆಸ್ ಬಂದ್, ಮತ್ತೆ ಶುರು, ಮತ್ತೆ ಅದೇ ಗುಂಪು, ಮತ್ತೆ ಬಂದ್. ಲಾಗಿನಲ್ಲಿ ಇದು ಕಂಡರೆ ಟೈಮೌಟ್ ಹೆಚ್ಚಿಸುವುದು ತಾತ್ಕಾಲಿಕ. ಸಂಗ್ರಹದ ಫೋಲ್ಡರನ್ನು ಟಿಎಂಪಿಎಫ್‌ಎಸ್‌ಗೆ, ಅಂದರೆ ಮೆಮೊರಿಗೆ, ಹಾಕುವವರೂ ಇದ್ದಾರೆ. ಬರೆಯುವುದು ವೇಗವಾಗುತ್ತದೆ, ರೀಬೂಟ್ ಆದರೆ ಎಲ್ಲ ಹೋಗುತ್ತದೆ. ಮೆಸ್ಕಾಂ ಕರೆಂಟ್ ಹೋಗಿ ಬರುವ ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಲ್ಯಾಬಿಗೆ ನಾನು ಇದನ್ನು ಮಾಡಲಿಲ್ಲ. ಹಂತ 3 ಸರಿಯಾಗಿ ಮಾಡಿದರೆ ಇದರ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ.

ಹಂತ 10: ಎಲ್ಲ ಯಂತ್ರಕ್ಕೂ ಹಾಕುವ ಮುಂಚೆ

ಎರಡೇ ಯಂತ್ರದಲ್ಲಿ ಬದಲಾವಣೆ ಮಾಡಿ. ಒಬ್ಬ ವಿದ್ಯಾರ್ಥಿ, ಒಬ್ಬ ಮೇಷ್ಟ್ರು, ಅತಿ ಹೆಚ್ಚು ಗುಂಪಿರುವ ಒಬ್ಬ ಸಿಬ್ಬಂದಿ, ಮೂವರಲ್ಲೂ ಲಾಗಿನ್ ಮಾಡಿಸಿ. ಐಡಿ ಹೈಫನ್ ದೊಡ್ಡ ಜಿ ಕೊಡುವ ಸಂಖ್ಯೆಗಳನ್ನು ಬದಲಾವಣೆಗೆ ಮುಂಚಿನ ಸಂಖ್ಯೆಗಳ ಜೊತೆ ಸಾಲಿಗೆ ಸಾಲು ಹೋಲಿಸಿ. ಒಂದೂ ಕಡಿಮೆಯಾಗಬಾರದು. ಸುಡೋ, ಹಂಚಿಕೊಂಡ ಫೋಲ್ಡರ್, ಪ್ರಿಂಟರ್ ನೋಡಿ.

ಆಮೇಲೆ ಒಬ್ಬರನ್ನು ಗುಂಪಿನಿಂದ ತೆಗೆದು, ಅವರ ಪ್ರವೇಶ ನಿಜವಾಗಿಯೂ ನಿಲ್ಲುತ್ತದಾ ಪರೀಕ್ಷಿಸಿ. ಆಗಲೇ ಲಾಗಿನ್ ಆಗಿ ಕೂತವರಿಗೆ ಹಳೆಯ ಸಂಖ್ಯೆಗಳೇ ಅಂಟಿಕೊಂಡಿರುತ್ತವೆ, ಹೊರಗೆ ಹೋಗಿ ಮತ್ತೆ ಬಂದಾಗ ಮಾತ್ರ ಬದಲಾಗುತ್ತದೆ. ನಾವು ಇದನ್ನು ನೋಡುವಾಗ ತೆಗೆದದ್ದು ಲ್ಯಾಬಿನವರ ಹೆಸರನ್ನೇ. ಮತ್ತೆ ಸೇರಿಸಲು ನಾನು ಮರೆತೆ. ಮರುದಿನ ಬೆಳಿಗ್ಗೆ 9ಕ್ಕೆ 60 ಯಂತ್ರಗಳೂ ಥಟ್ಟಂತ ತೆರೆದುಕೊಂಡವು. ಫೋನ್ ಮಾತ್ರ ಬಂತು: "ಎಲ್ಲರಿಗೂ ಆಗ್ತದೆ ಮಾರಾಯ್ರೆ, ನನಗೊಬ್ಬನಿಗೇ ಆಗೂದಿಲ್ಲ."